ಹಡಗಿನೊಳಗೆ ನಡೆದದ್ದನ್ನು ಬರೆಯಿರಿ

ಮೇಡಂ, ನಮಸ್ಕಾರ.

ಸಿರಿಯಾದ ರಾಸಾಯನಿಕ ಅಸ್ತ್ರಗಳ ನಾಶದ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಒಂದೇ ಸಲ ಅಲ್ಲ, ಎರಡು ಸಲ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ ಎಂದು ಒತ್ತಿ ಹೇಳುವುದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಈ ಬಗ್ಗೆ ನೆಟ್ಟಗೆ ಬರೆದವರು ಕಡಿಮೆ. ನೀವು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಇದನ್ನು ಬರೆಯಲು ನಿಮಗಿಂತ ತಕ್ಕವರು ನನಗೆ ಬೇಗ ಸಿಗಲಾರರು.

ನಿಮ್ಮ ಲೇಖನದ ಸಾರ ಇಷ್ಟು: 2013ರ ಆಗಸ್ಟ್‌ನಲ್ಲಿ ಡಮಾಸ್ಕಸ್ ಹೊರವಲಯದ ಘೌಟಾದಲ್ಲಿ ಸರೀನ್ ಎಂಬ ನರವಿಷದ ದಾಳಿ ನಡೆಯಿತು, ಇಡೀ ಜಗತ್ತು ಒಂದಾಯಿತು, ಸಿರಿಯಾ ತನ್ನ ಅಸ್ತ್ರಗಳನ್ನು ಒಪ್ಪಿಸಿತು, ವಿಷ ನಾಶವಾಯಿತು, ನೊಬೆಲ್ ಬಂತು. ಒಂಬತ್ತು ಪುಟಗಳಲ್ಲಿ ‘ಮಾನವೀಯತೆ’ ಹನ್ನೊಂದು ಸಲ ಬರುತ್ತದೆ. ‘ನೀರು’ ಒಂದು ಸಲವೂ ಬರುವುದಿಲ್ಲ. ಆ ವಿಷವನ್ನು ಕೊಂದದ್ದು ಮುಖ್ಯವಾಗಿ ನೀರು, ಮೇಡಂ. ರಸಾಯನಶಾಸ್ತ್ರದ ಅಧ್ಯಾಪಕಿಯ ಲೇಖನದಲ್ಲಿ ಅದು ಇಲ್ಲ ಎನ್ನುವುದೇ ನನ್ನ ಮೊದಲ ತಕರಾರು.

ಇಡೀ ಜಗತ್ತು ಒಂದಾಯಿತು ಎನ್ನುವ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಆ ದಿನಗಳಲ್ಲಿ ಜಗತ್ತು ಒಂದಾಗಿರಲಿಲ್ಲ. ಅಮೆರಿಕ ವೈಮಾನಿಕ ದಾಳಿಗೆ ಸಜ್ಜಾಗಿತ್ತು. ಬ್ರಿಟನ್ನಿನ ಸಂಸತ್ತು ಆಗಸ್ಟ್ 29ರಂದು 285–272 ಮತಗಳಿಂದ ಸೇನಾ ಕ್ರಮದ ಪ್ರಸ್ತಾವವನ್ನು ತಿರಸ್ಕರಿಸಿತು. ಸಿರಿಯಾದ ಆಗಿನ ಅಧ್ಯಕ್ಷ ಅಸಾದ್‌ಗೆ ಈ ದಾಳಿಯಿಂದ ತಪ್ಪಿಸಿಕೊಳ್ಳಲು ದಾರಿ ಇದೆಯೇ ಎಂದು ಲಂಡನ್ನಿನಲ್ಲಿ ಪತ್ರಕರ್ತರೊಬ್ಬರು ಕೇಳಿದಾಗ, ತನ್ನಲ್ಲಿರುವ ಎಲ್ಲ ರಾಸಾಯನಿಕ ಅಸ್ತ್ರಗಳನ್ನೂ ಒಂದು ವಾರದೊಳಗೆ ಒಪ್ಪಿಸಲಿ, ಆದರೆ ಆತ ಹಾಗೆ ಮಾಡುವುದಿಲ್ಲ ಎಂಬ ಅರ್ಥದಲ್ಲಿ ಅಮೆರಿಕದ ಆಗಿನ ವಿದೇಶಾಂಗ ಸಚಿವ ಜಾನ್ ಕೆರ್ರಿ ಉತ್ತರಿಸಿದರು. ಅದು ಸೆಪ್ಟೆಂಬರ್ 9. ರಷ್ಯಾ ಅದೇ ದಿನ ಆ ಮಾತನ್ನು ಹಿಡಿದುಕೊಂಡಿತು. ಸೆಪ್ಟೆಂಬರ್ 14ಕ್ಕೆ ಜಿನೀವಾದಲ್ಲಿ ಕೆರ್ರಿ ಮತ್ತು ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಒಪ್ಪಂದದ ಚೌಕಟ್ಟು ಪ್ರಕಟಿಸಿದರು. ಸೆಪ್ಟೆಂಬರ್ 27ಕ್ಕೆ ಭದ್ರತಾ ಮಂಡಳಿಯ 2118ನೇ ನಿರ್ಣಯ ಬಂತು. ಸಿರಿಯಾ ಒಪ್ಪಿದ್ದು ಮನಸ್ಸು ಕರಗಿ ಅಲ್ಲ, ಬಾಂಬಿನ ಭಯಕ್ಕೆ ಮತ್ತು ಮಿತ್ರದೇಶದ ಒತ್ತಾಯಕ್ಕೆ. ರಾಜತಾಂತ್ರಿಕತೆಯ ಈ ಭಾಗವನ್ನು ಒಂದು ಪ್ಯಾರಾದಲ್ಲಿ ಮುಗಿಸಿ. ನೀವು ಇದಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಓದುಗರು ಇದನ್ನು ಪತ್ರಿಕೆಗಳಲ್ಲಿ ಆಗಲೇ ಓದಿದ್ದಾರೆ.

ನಿಮ್ಮ ಪುಟಗಳು ಸಲ್ಲಬೇಕಾದದ್ದು ಆಮೇಲೆ ನಡೆದದ್ದಕ್ಕೆ. ಸಹಕಾರ ಎಂದರೆ ಯಾರು ಏನನ್ನು ಹೊತ್ತರು, ಯಾರು ಏನನ್ನು ಹೊರಲು ಒಪ್ಪಲಿಲ್ಲ ಎನ್ನುವ ಲೆಕ್ಕ. ಅದನ್ನು ಬರೆದರೆ ‘ಮಾನವೀಯತೆ’ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಸಿರಿಯಾ ಘೋಷಿಸಿದ್ದು ಸುಮಾರು 1,300 ಟನ್ ರಾಸಾಯನಿಕ. ಒಳಗೆ ಅಂತರ್ಯುದ್ಧ. ಒಂದು ರಸ್ತೆ ಬೆಳಗ್ಗೆ ಸರ್ಕಾರದ ಕೈಯಲ್ಲಿದ್ದರೆ ಸಂಜೆಗೆ ಬಂಡುಕೋರರ ಕೈಯಲ್ಲಿ. ಒಂದು ದೇಶದ ಅಸ್ತ್ರಗಳನ್ನು ಯುದ್ಧದ ನಡುವೆಯೇ ಕಳಚಿದ ಉದಾಹರಣೆ ಅದಕ್ಕೆ ಮೊದಲು ಇರಲಿಲ್ಲ. ಆ ವಿಷವನ್ನು ಲಟಾಕಿಯಾ ಬಂದರಿಗೆ ತರಲು ಟ್ರಕ್ಕುಗಳನ್ನು ರಷ್ಯಾ ಕೊಟ್ಟಿತು, ಕಂಟೇನರುಗಳ ಜಾಡು ಹಿಡಿಯುವ ಉಪಕರಣಗಳನ್ನು ಅಮೆರಿಕ, ಆಂಬುಲೆನ್ಸ್ ಮತ್ತು ನಿಗಾ ಕ್ಯಾಮೆರಾಗಳನ್ನು ಚೀನಾ. ರಾಸಾಯನಿಕ ಅಪಘಾತವಾದರೆ ಧಾವಿಸಲು ಫಿನ್ಲೆಂಡ್‌ನ ತಂಡ ಸಿದ್ಧವಿತ್ತು. ಸರಕು ಹಡಗುಗಳು ಎರಡು: ಡೆನ್ಮಾರ್ಕ್‌ನ ‘ಆರ್ಕ್ ಫ್ಯೂಚುರಾ’, ನಾರ್ವೆಯ ‘ತಾಯ್ಕೊ’. ಕಾವಲಿಗೆ ಡ್ಯಾನಿಶ್, ನಾರ್ವೇಜಿಯನ್, ಬ್ರಿಟಿಷ್ ಯುದ್ಧನೌಕೆಗಳ ಜೊತೆಗೆ ಚೀನಾದ್ದೂ ರಷ್ಯಾದ್ದೂ ಇದ್ದವು. ಇಡೀ ಕೆಲಸದ ಉಸ್ತುವಾರಿ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಜಂಟಿ ತಂಡದ್ದು. ಅದನ್ನು ನಡೆಸಿದವರು ಡಚ್ ರಾಜತಾಂತ್ರಿಕೆ ಸಿಗ್ರಿಡ್ ಕಾಗ್. ನಿಮ್ಮ ಲೇಖನದಲ್ಲಿ ಒಬಾಮಾ ಇದ್ದಾರೆ, ಪುಟಿನ್ ಇದ್ದಾರೆ, ಕಾಗ್ ಇಲ್ಲ. ಸಿರಿಯಾದ ಕಡೆಯಿಂದ ಒಂದೊಂದು ಕಂಟೇನರನ್ನೂ ಒತ್ತಾಯಿಸಿ ಬಂದರಿಗೆ ತರಿಸುವ ಹೊಣೆ ಹೊತ್ತಿದ್ದವರು ಅವರು.

ಈಗ ಒಪ್ಪದವರ ಕಡೆಗೆ ಬನ್ನಿ. ಇದು ನಿಮ್ಮ ಲೇಖನದಲ್ಲಿ ಪೂರ್ತಿ ತಪ್ಪಿಹೋದ ಭಾಗ, ನನಗಂತೂ ಬಹಳ ಮುಖ್ಯವೆನಿಸುವ ಭಾಗ. ಇಷ್ಟು ವಿಷವನ್ನು ಯಾವ ನೆಲದಲ್ಲಿ ನಾಶ ಮಾಡುವುದು? ನಾರ್ವೆಯನ್ನು ಕೇಳಿದರು, ತನ್ನಲ್ಲಿ ಅದಕ್ಕೆ ತಕ್ಕ ವ್ಯವಸ್ಥೆ ಇಲ್ಲ ಎಂದಿತು. ಆಲ್ಬೇನಿಯಾವನ್ನು ಕೇಳಿದರು. ತನ್ನದೇ ಘೋಷಿತ ರಾಸಾಯನಿಕ ಅಸ್ತ್ರಗಳನ್ನು ಎಲ್ಲರಿಗಿಂತ ಮೊದಲು, 2007ರಲ್ಲೇ ಪೂರ್ತಿ ನಾಶ ಮಾಡಿ ಮುಗಿಸಿದ ದೇಶ ಅದು. ಆದರೆ 2008ರಲ್ಲಿ ಗೆರ್ದೆಕ್ ಎಂಬಲ್ಲಿ ಹಳೆಯ ಮದ್ದುಗುಂಡುಗಳನ್ನು ಕಳಚುವಾಗ ಸ್ಫೋಟವಾಗಿ 26 ಜನ ಸತ್ತಿದ್ದರು. ಆ ನೆನಪು ಹಸಿಯಾಗಿತ್ತು. ರಾಜಧಾನಿ ಟಿರಾನಾದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 2013ರ ನವೆಂಬರ್ 15ರಂದು ಪ್ರಧಾನಿ ಎಡಿ ರಾಮಾ ಆಗುವುದಿಲ್ಲ ಎಂದು ಘೋಷಿಸಿದರು. ವಿಷವನ್ನು ಒಂದು ಹಡಗಿನಿಂದ ಇನ್ನೊಂದಕ್ಕೆ ದಾಟಿಸಲು ಇಟಲಿ ಗೊತ್ತುಮಾಡಿದ ಜೋಯಾ ಟೌರೊ ಬಂದರಿನಲ್ಲೂ ಸ್ಥಳೀಯ ಮೇಯರ್‌ಗಳು ಪ್ರತಿಭಟಿಸಿದರು. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಜನ ತಮ್ಮ ಸಮುದ್ರದ ಬಗ್ಗೆ ದನಿ ಎತ್ತಿದರು. ಇವರನ್ನೆಲ್ಲ ಖಳರನ್ನಾಗಿ ಮಾಡಬೇಡಿ. ತಮ್ಮ ಊರಿಗೆ ವಿಷ ಬರುತ್ತದೆ ಎಂದಾಗ ಪ್ರಶ್ನೆ ಕೇಳುವುದು ಜನರ ಹಕ್ಕು. ಒಂದು ಕಾರ್ಖಾನೆ ಬರುತ್ತದೆ ಎಂದರೆ ನಮ್ಮ ಕರಾವಳಿಯಲ್ಲೂ ಅದೇ ಪ್ರಶ್ನೆಗಳು ಏಳುತ್ತವೆ. ಈ ಭಾಗ ಇದ್ದರೆ ನಿಮ್ಮ ಓದುಗರು ತಟ್ಟನೆ ಲೇಖನದ ಒಳಗೆ ಬರುತ್ತಾರೆ.

ಯಾವ ದೇಶದ ನೆಲವೂ ಸಿಗದಿದ್ದಾಗ ಸಮುದ್ರದಲ್ಲೇ ಮಾಡುವುದು ಎಂದಾಯಿತು. ಅಮೆರಿಕದ ‘ಕೇಪ್ ರೇ’ ಎಂಬ ಹಳೆಯ ಸರಕು ಹಡಗಿನಲ್ಲಿ, ಮೇರಿಲ್ಯಾಂಡ್‌ನ ಎಡ್ಜ್‌ವುಡ್ ಸೇನಾ ಕೇಂದ್ರದ ತಜ್ಞರು ರೂಪಿಸಿದ ಎರಡು ಘಟಕಗಳನ್ನು ಕೂರಿಸಿದರು. ಮೇಡಂ, ಇಲ್ಲಿ ನಿಧಾನಿಸಿ. ಇದು ನಿಮ್ಮ ಪಾಠದ ಕೋಣೆ. ಸರೀನನ್ನು ಸಿರಿಯಾ ತಯಾರಾದ ಸ್ಥಿತಿಯಲ್ಲಿ ದಾಸ್ತಾನು ಮಾಡಿರಲಿಲ್ಲ. ಅದರ ಮುಖ್ಯ ಪೂರ್ವಸಾಮಗ್ರಿಯಾದ ಡಿಎಫ್ ಎಂಬ ರಾಸಾಯನಿಕವನ್ನು ಬೇರೆಯಾಗಿ ಇಟ್ಟಿತ್ತು. ಕೇಪ್ ರೇಗೆ ಬಂದದ್ದು ಅಂಥ 581 ಟನ್ ಡಿಎಫ್, ಜೊತೆಗೆ ಮೈಮೇಲೆ ಬೊಬ್ಬೆ ಎಬ್ಬಿಸುವ ವಿಷವಾದ ಸಲ್ಫರ್ ಮಸ್ಟರ್ಡ್ ಸುಮಾರು 20 ಟನ್. ಡಿಎಫ್ ಅನ್ನು ನೀರಿನೊಂದಿಗೆ ಬೆರೆಸಿದರೆ ಅದರ ಬಂಧ ಒಡೆಯುತ್ತದೆ, ಇನ್ನು ಅದರಿಂದ ಸರೀನ್ ಮಾಡಲು ಬರುವುದಿಲ್ಲ. ಉಳಿಯುವುದು ಮೈ ಸುಡುವ ಆಮ್ಲೀಯ ದ್ರವ, ಅದನ್ನು ಕ್ಷಾರ ಸೇರಿಸಿ ಶಮನ ಮಾಡಬೇಕು. ಮಸ್ಟರ್ಡ್‌ಗೆ ಬಿಸಿನೀರು ಬೇಕು. ಇವನ್ನು ನೀವು ತರಗತಿಯಲ್ಲಿ ಜಲವಿಚ್ಛೇದನ ಎಂದು ಕಲಿಸುತ್ತೀರಿ. ಬೋರ್ಡಿನ ಮೇಲೆ ಒಂದು ಗೆರೆಯ ಸಮೀಕರಣ. ಅದನ್ನೇ ಟೈಟಾನಿಯಂ ಪಾತ್ರೆಯಲ್ಲಿ, ಮೆಡಿಟರೇನಿಯನ್ ಸಮುದ್ರದ ಮೇಲೆ, ರಕ್ಷಾಕವಚ ತೊಟ್ಟ ಜನ, ಅಲೆ ಎದ್ದರೆ ಹಡಗು ವಾಲುತ್ತದೆ ಎಂಬ ಎಚ್ಚರದಲ್ಲಿ ಹಗಲೂ ರಾತ್ರಿ ಮಾಡಿದರು. ನಿಮ್ಮ ವಿದ್ಯಾರ್ಥಿಗಳು ಓದುವಾಗ ಆ ಸಮೀಕರಣದ ತೂಕ ಅವರಿಗೆ ತಿಳಿಯಬೇಕು.

ಕಾಯುವಿಕೆಯನ್ನೂ ಬರೆಯಿರಿ. ಜನವರಿ ಕೊನೆಯಲ್ಲಿ ಅಮೆರಿಕದಿಂದ ಹೊರಟ ಕೇಪ್ ರೇ ಫೆಬ್ರುವರಿಯಲ್ಲಿ ಸ್ಪೇನ್‌ನ ರೋಟಾ ತಲುಪಿ, ಜೂನ್‌ವರೆಗೆ ಅಲ್ಲೇ ನಿಂತಿತ್ತು. ಏಕೆಂದರೆ ಸಿರಿಯಾದಿಂದ ಸರಕು ಬರುತ್ತಿರಲಿಲ್ಲ. ಅತಿ ಅಪಾಯಕಾರಿ ರಾಸಾಯನಿಕಗಳು 2013ರ ಡಿಸೆಂಬರ್ 31ರೊಳಗೆ ದೇಶ ಬಿಡಬೇಕಿತ್ತು, ಬಿಡಲಿಲ್ಲ. ಉಳಿದವಕ್ಕೆ ಫೆಬ್ರುವರಿ 5ರ ಗಡುವು, ಅದೂ ತಪ್ಪಿತು. ಮೊದಲ ಕಂತು ಲಟಾಕಿಯಾ ಬಿಟ್ಟದ್ದು 2014ರ ಜನವರಿ 7ಕ್ಕೆ, ಕೊನೆಯ ಕಂತು ಜೂನ್ 23ಕ್ಕೆ. ಜುಲೈ ಆರಂಭದಲ್ಲಿ ಜೋಯಾ ಟೌರೊದಲ್ಲಿ ಆರ್ಕ್ ಫ್ಯೂಚುರಾದಿಂದ ಕೇಪ್ ರೇಗೆ ವಿಷ ದಾಟಿತು. ಆಗಸ್ಟ್ 18ರ ಹೊತ್ತಿಗೆ ಹಡಗಿನ ಕೆಲಸ ಮುಗಿದಿತ್ತು. ಹೀಗೆ ಹುಟ್ಟಿದ ತ್ಯಾಜ್ಯದ್ರವ ಮೂಲ ವಿಷಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಫಿನ್ಲೆಂಡ್ ಮತ್ತು ಜರ್ಮನಿ ತಮ್ಮ ನೆಲಕ್ಕೆ ತಂದುಕೊಂಡು ಸಂಸ್ಕರಿಸಿದವು. ಉಳಿದ ರಾಸಾಯನಿಕಗಳನ್ನು ಬ್ರಿಟನ್ನಿನ ಎಲ್ಲೆಸ್ಮೀರ್ ಪೋರ್ಟ್, ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಮತ್ತು ಫಿನ್ಲೆಂಡ್‌ನಲ್ಲಿ ನಾಶ ಮಾಡಲಾಯಿತು. ಮಾತಾಡದೆ ಕಸ ಹೊತ್ತ ಈ ದೇಶಗಳ ಹೆಸರುಗಳು ನಿಮ್ಮ ಲೇಖನದಲ್ಲಿ ಇಲ್ಲದಿರುವುದು ಅನ್ಯಾಯ.

ಪರಿವೀಕ್ಷಕರಿಗೆ ಎದುರಾದ ಅಪಾಯವನ್ನು ನೀವು ‘ಜೀವದ ಹಂಗು ತೊರೆದು’ ಎಂದು ಒಂದು ಮಾತಿನಲ್ಲಿ ದಾಟಿಸಿದ್ದೀರಿ. ಇಂಥ ಸಿದ್ಧ ಮಾತುಗಳ ಜಾಗದಲ್ಲಿ ನಡೆದದ್ದನ್ನು ಇಡಿ. ಘೌಟಾ ದಾಳಿಯ ಹೊತ್ತಿಗೆ ಸ್ವೀಡನ್ನಿನ ವಿಜ್ಞಾನಿ ಓಕೆ ಸೆಲ್‌ಸ್ಟ್ರೋಮ್ ನೇತೃತ್ವದ ವಿಶ್ವಸಂಸ್ಥೆಯ ತಂಡ ಬೇರೆ ಆರೋಪಗಳ ತನಿಖೆಗೆಂದು ಡಮಾಸ್ಕಸ್‌ನಲ್ಲೇ ಇತ್ತು. ಆಗಸ್ಟ್ 26ರಂದು ಮಾದರಿ ತರಲು ಹೊರಟಾಗ ಅವರ ವಾಹನದ ಮೇಲೆ ಗುಂಡು ಹಾರಿತು. ಹಿಂದಿರುಗಿ, ಬೇರೆ ವಾಹನ ಹತ್ತಿ, ಅದೇ ದಿನ ಮತ್ತೆ ಹೋದರು. 2014ರ ಮೇ ತಿಂಗಳಲ್ಲಿ ಕ್ಲೋರಿನ್ ಅನಿಲವನ್ನು ಅಸ್ತ್ರವಾಗಿ ಬಳಸಿದ ಆರೋಪದ ತನಿಖೆಗೆ ಹೋಗುತ್ತಿದ್ದ ಇನ್ನೊಂದು ತಂಡದ ಮೇಲೂ ದಾಳಿಯಾಯಿತು.

ಒಂದು ತಿದ್ದುಪಡಿ ಕಡ್ಡಾಯ. ಸಿರಿಯಾದ ಅಸ್ತ್ರ ನಾಶ ಮಾಡಿದ್ದಕ್ಕೆ ನೊಬೆಲ್ ಬಂತು ಎಂದಿದ್ದೀರಿ. ಶಾಂತಿ ಪ್ರಶಸ್ತಿ ಘೋಷಣೆಯಾದದ್ದು 2013ರ ಅಕ್ಟೋಬರ್ 11ರಂದು. ಪರಿವೀಕ್ಷಕರು ಸಿರಿಯಾ ತಲುಪಿ ಆಗಿನ್ನೂ ಹತ್ತು ದಿನ. ಒಂದು ಟನ್ ವಿಷವೂ ದೇಶ ಬಿಟ್ಟಿರಲಿಲ್ಲ. ಪ್ರಶಸ್ತಿ ಬಂದದ್ದು 1997ರಿಂದ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಜಗತ್ತಿನಾದ್ಯಂತ ಮಾಡಿಕೊಂಡು ಬಂದ ಕೆಲಸಕ್ಕೆ.

ಇನ್ನು ಕೊನೆ. ‘ಹೀಗೆ ಸಿರಿಯಾ ವಿಷಮುಕ್ತವಾಯಿತು’ ಎಂದು ಮುಗಿಸಿದ್ದೀರಿ. ಇದನ್ನು ಹೀಗೇ ಅಚ್ಚು ಹಾಕಿದರೆ ಖಾನ್ ಶೇಖೂನ್‌ನಲ್ಲಿ ಸತ್ತವರಿಗೆ ನಾನು ದ್ರೋಹ ಮಾಡಿದಂತೆ. 2017ರ ಏಪ್ರಿಲ್ 4ರಂದು ಆ ಊರಿನ ಮೇಲೆ ಸರೀನ್ ಬಿತ್ತು, ಎಂಬತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಹೊಣೆ ಸಿರಿಯಾ ಸರ್ಕಾರದ್ದು ಎಂದು ವಿಶ್ವಸಂಸ್ಥೆ ಮತ್ತು ನಿಷೇಧ ಸಂಸ್ಥೆಯ ಜಂಟಿ ತನಿಖೆ ಹೇಳಿತು. ಆ ತನಿಖಾ ತಂಡದ ಅವಧಿ ವಿಸ್ತರಣೆಯನ್ನೇ ರಷ್ಯಾ ವೀಟೊ ಹಾಕಿ ತಡೆಯಿತು. ಘೌಟಾದ ನಂತರ ಟ್ರಕ್ಕು ಕೊಟ್ಟ ದೇಶವೇ ಅದು. ಎರಡೂ ಸತ್ಯ, ಎರಡನ್ನೂ ಒಂದೇ ಲೇಖನದಲ್ಲಿ ಬರೆಯುವ ಧೈರ್ಯ ಬೇಕು. 2021ರ ಏಪ್ರಿಲ್‌ನಲ್ಲಿ ನಿಷೇಧ ಸಂಸ್ಥೆಯ ಸದಸ್ಯ ದೇಶಗಳು 87–15 ಮತಗಳಿಂದ ಸಿರಿಯಾದ ಮತದಾನದ ಹಕ್ಕನ್ನು ಅಮಾನತಿನಲ್ಲಿಟ್ಟವು. ಅದಕ್ಕೆ ಮೊದಲು ಯಾವ ಸದಸ್ಯ ದೇಶಕ್ಕೂ ಹೀಗಾಗಿರಲಿಲ್ಲ.

ಹಾಗಾದರೆ 2014ರ ಕೆಲಸ ವ್ಯರ್ಥವಾಯಿತೇ? ಈ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಏಳುತ್ತದೆ, ನೀವೇ ಎತ್ತಿಕೊಳ್ಳಿ. ವ್ಯರ್ಥವಾಗಲಿಲ್ಲ ಎಂದು ನಾನು ನಂಬುತ್ತೇನೆ, ಅದಕ್ಕೆ ಕಾರಣವೂ ನಿಮ್ಮ ಶಾಸ್ತ್ರದಲ್ಲೇ ಇದೆ. ಮೊದಲನೆಯದು, ಆ 600 ಟನ್ ಯಾರ ತಲೆಯ ಮೇಲೂ ಬೀಳಲಿಲ್ಲ. ಎರಡನೆಯದು, ಸಿರಿಯಾದ ದಾಸ್ತಾನಿನ ಡಿಎಫ್ ಮಾದರಿಗಳು ನಿಷೇಧ ಸಂಸ್ಥೆಯ ಕೈಯಲ್ಲಿದ್ದವು. ಖಾನ್ ಶೇಖೂನ್‌ನ ಮಣ್ಣಿನಲ್ಲಿ ಸಿಕ್ಕ ಸರೀನ್‌ನ ಕಲ್ಮಶಗಳನ್ನು ಅವುಗಳೊಂದಿಗೆ ಹೋಲಿಸಿದಾಗ, ಈ ಸರೀನ್‌ಗೆ ಬಳಸಿದ ಡಿಎಫ್ ಸಿರಿಯಾದ ಮೂಲ ದಾಸ್ತಾನಿನದ್ದೇ ಆಗಿರುವ ಸಂಭವ ಅತಿ ಹೆಚ್ಚು ಎಂಬ ತೀರ್ಮಾನಕ್ಕೆ ತನಿಖಾ ತಂಡ ಬಂತು. ಎಲ್ಲವನ್ನೂ ಒಪ್ಪಿಸಿದ್ದೇವೆ ಎಂದವರ ಮಾತು ಅಲ್ಲಿ ಬಿದ್ದುಹೋಯಿತು. ನಾಶದ ಕೆಲಸವೇ ಸಾಕ್ಷ್ಯವಾಗಿ ಉಳಿಯಿತು. ಈ ಒಂದು ಸಂಗತಿಯನ್ನು ಸರಿಯಾಗಿ ಬಿಡಿಸಿ ಹೇಳಿದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಬರುತ್ತದೆ. ಅಸಾದ್ ಆಡಳಿತ 2024ರ ಡಿಸೆಂಬರ್‌ನಲ್ಲಿ ಬಿದ್ದಿದೆ, 2025ರ ಫೆಬ್ರುವರಿಯಲ್ಲಿ ನಿಷೇಧ ಸಂಸ್ಥೆಯ ಆಗಿನ ಮುಖ್ಯಸ್ಥ ಫರ್ನಾಂಡೊ ಅರಿಯಾಸ್ ಡಮಾಸ್ಕಸ್‌ಗೆ ಹೋಗಿ ಹೊಸ ಆಡಳಿತದೊಂದಿಗೆ ಮಾತಾಡಿದ್ದಾರೆ. ಮುಚ್ಚಿಟ್ಟದ್ದನ್ನು ಹುಡುಕುವ ಕೆಲಸ ಬಾಕಿ ಇದೆ ಎಂಬಲ್ಲಿಗೆ ಲೇಖನ ನಿಲ್ಲಲಿ.

ಭಾರತದ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು, ಅದೂ ಹೊಗಳಿಕೆ. ಈ ಕಾರ್ಯಕ್ಕೆ ಭಾರತ 10 ಲಕ್ಷ ಡಾಲರ್ ಕೊಟ್ಟಿತು ಎನ್ನುವುದು ಸರಿ. ಇನ್ನೊಂದು ಸಂಗತಿಯನ್ನೂ ಹೇಳಿ. 1992ರಲ್ಲಿ ನಮ್ಮಲ್ಲಿ ರಾಸಾಯನಿಕ ಅಸ್ತ್ರ ಇಲ್ಲ ಎಂದು ಪಾಕಿಸ್ತಾನದೊಂದಿಗೆ ಜಂಟಿ ಘೋಷಣೆಗೆ ಸಹಿ ಹಾಕಿದ್ದ ಭಾರತ, 1997ರಲ್ಲಿ ತನ್ನ ದಾಸ್ತಾನನ್ನು ಬಹಿರಂಗಪಡಿಸಿತು. ಸಾವಿರ ಟನ್ನಿಗೂ ಹೆಚ್ಚು ಸಲ್ಫರ್ ಮಸ್ಟರ್ಡ್. ನಿಷೇಧ ಸಂಸ್ಥೆಯ ಪರಿವೀಕ್ಷಕರ ಕಣ್ಣೆದುರಿನಲ್ಲಿ 2009ರೊಳಗೆ ಅಷ್ಟನ್ನೂ ನಾಶ ಮಾಡಿತು. ಇದನ್ನು ಓದಿ ನಮ್ಮ ಓದುಗರಿಗೆ ಇರುಸುಮುರುಸಾಗಬಹುದು. ಆಗಲಿ. ಸುಳ್ಳು ಹೇಳಿದ್ದ ದೇಶವೊಂದು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಸೇರಿ, ನಿಜ ಹೇಳಿ, ಬಾಗಿಲು ತೆರೆದು ತೋರಿಸಬಹುದು ಎನ್ನುವುದಕ್ಕೆ ನಾವೇ ಉದಾಹರಣೆ, ಸಿರಿಯಾ ಏನು ಮಾಡಲಿಲ್ಲ ಎನ್ನುವುದು ಅದರ ಪಕ್ಕದಲ್ಲಿಟ್ಟಾಗಲೇ ಸ್ಪಷ್ಟವಾಗುತ್ತದೆ.

ನಿಮ್ಮ ಗದ್ಯದ ಬಗ್ಗೆ ಹೆಚ್ಚು ದೂರಿಲ್ಲ. ಸರೀನ್ ಉಸಿರಾಟವನ್ನು ಹೇಗೆ ನಿಲ್ಲಿಸುತ್ತದೆ ಎಂದು ವಿವರಿಸಿದ ಪ್ಯಾರಾ ಚೊಕ್ಕವಾಗಿದೆ, ನರ ಮತ್ತು ಸ್ನಾಯುವಿನ ನಡುವಿನ ಸಂಕೇತ ನಿಲ್ಲದೇ ಹೋಗುವುದನ್ನು ಹತ್ತನೇ ತರಗತಿಯವರಿಗೂ ಅರ್ಥವಾಗುವಂತೆ ಬರೆದಿದ್ದೀರಿ. ಅದರ ಒಂದಕ್ಷರ ಮುಟ್ಟಬೇಡಿ. ಇಡೀ ಲೇಖನ ಆ ಪ್ಯಾರಾದ ದನಿಯಲ್ಲೇ ಬರಲಿ.

ಎರಡು ಸಾವಿರ ಪದ ಮೀರದಂತೆ ಮತ್ತೆ ಬರೆದು ಕಳುಹಿಸಿ. ಕೇಪ್ ರೇ ಹಡಗಿನಿಂದಲೇ ಶುರುಮಾಡಿ, ಜಿನೀವಾದಿಂದ ಅಲ್ಲ. ರಾಸಾಯನಿಕ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಿ, ಸೂತ್ರಗಳು ಬೇಡ, ತಯಾರಿಕೆಯ ವಿವರವಂತೂ ಬೇಡವೇ ಬೇಡ. ಪರೀಕ್ಷಾ ಮೌಲ್ಯಮಾಪನದ ಕೆಲಸ ಇದ್ದರೆ ಅದು ಮುಗಿದ ಮೇಲೆ ಬರೆಯಿರಿ, ಅವಸರವಿಲ್ಲ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ