ಬಸ್ ಮುಷ್ಕರ, ಮೈನಸ್ 15ರ ಚಳಿ: ಕಾಲೇಜಿಗೆ 5 ಕಿಲೋಮೀಟರ್ ನಡೆಯುವಾಗ ಕಾಲ್ಬೆರಳು ಮರಗಟ್ಟುವುದೇಕೆ?

ಎರಡು ಜೊತೆ ಕಾಲುಚೀಲ ಹಾಕಿದರೂ ಬೆರಳು ಮರಗಟ್ಟುತ್ತದೆ ಎಂದರೆ, ಕಾರಣ ಬಹುಶಃ ಆ ಎರಡನೇ ಜೊತೆಯೇ. ಶೂ ಬಿಗಿಯಾದರೆ ರಕ್ತಸಂಚಾರ ಕುಗ್ಗುತ್ತದೆ, ಬಿಸಿ ಹಿಡಿದಿಡುವ ಗಾಳಿಗೂ ಒಳಗೆ ಜಾಗವಿರುವುದಿಲ್ಲ. ಹತ್ತಿಯವಾದರೆ ಇನ್ನೂ ಕಷ್ಟ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತವೆ.

ನಾಳೆ ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿ. ಶೂ ಒಳಗೆ ಬೆರಳು ಸಲೀಸಾಗಿ ಆಡದಿದ್ದರೆ ಲೇಸ್ ಸಡಿಲಿಸಿ. ರಾತ್ರಿ ಒಳಗಿನ ಅಟ್ಟೆ ತೆಗೆದು ಬೇರೆಯಾಗಿ ಒಣಗಿಸಿ, ಶೂಗೆ ಹಳೇ ಪತ್ರಿಕೆ ತುರುಕಿಡಿ. ಹೀಟರ್ ಮೇಲಿಟ್ಟರೆ ಅಂಟು ಬಿಡಬಹುದು. ಹೊರಡುವಾಗ ತುಸು ಚಳಿ ಎನಿಸುವಷ್ಟೇ ಬಟ್ಟೆ ಸಾಕು, ಹತ್ತು ನಿಮಿಷ ನಡೆದರೆ ಮೈ ಕಾಯುತ್ತದೆ. ಬೆವರಲೇಬಾರದು. ಸ್ವೆಟರ್ ಮತ್ತು ಒಣಗಿದ ಕಾಲುಚೀಲ ಬ್ಯಾಗಿನಲ್ಲಿರಲಿ, ತರಗತಿ ತಲುಪಿದ ಕೂಡಲೇ ಬದಲಿಸಿ. ಹಿಮದ ಮೇಲೆ ಅಷ್ಟು ದೂರಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ದಾರಿಯಲ್ಲಿ ಫೋನ್ 40% ಚಾರ್ಜ್ ಇದ್ದಾಗಲೇ ಆಫ್ ಆದರೆ, ಅದು ಚಳಿಗೆ ಬ್ಯಾಟರಿಯ ವೋಲ್ಟೇಜ್ ಕುಸಿಯುವುದರಿಂದ. ಜಾಕೆಟ್ಟಿನ ಒಳಜೇಬಿನಲ್ಲಿಡಿ. ಕೊರೆಯುವಷ್ಟು ತಣ್ಣಗಿರುವಾಗ ಚಾರ್ಜ್‌ಗೆ ಹಾಕಬೇಡಿ, ಬ್ಯಾಟರಿಗೆ ಶಾಶ್ವತ ಹಾನಿಯಾಗಬಹುದು.

ಬೆರಳು ಬೆಳ್ಳಗಾಗಿ ಮೇಣದಂತೆ ಕಂಡರೆ ನಡಿಗೆ ನಿಲ್ಲಿಸಿ, ಹತ್ತಿರದ ಕಟ್ಟಡದ ಒಳಗೆ ಹೋಗಿ. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ. 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಅದ್ದಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಮರಗಟ್ಟಿದ ಬೆರಳಿಗೆ ಸುಟ್ಟರೂ ತಿಳಿಯದು. ಸ್ಪರ್ಶ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ಅಂದೇ ವೈದ್ಯರಿಗೆ ತೋರಿಸಿ.