ಓದುಗರ ಪ್ರಶ್ನೆ: ಕಡಲತೀರದ ಸೇನಾನೆಲೆಗೆ ಬಾಡಿಗೆ ಟ್ರೈಲರ್

ಪ್ರಶ್ನೆ: ಪ್ರೈಮ್ ಮೂವರ್ (ಟ್ರೈಲರ್ ಎಳೆಯುವ ಎಂಜಿನ್ ಗಾಡಿ) ನಮ್ಮದೇ ಇದೆ, ಟ್ರೈಲರ್ ಇಲ್ಲ. ಬಂದರಿನಿಂದ ನೌಕಾನೆಲೆಗೆ ಸರಕು ಸಾಗಿಸುವ ಕೆಲಸ ಸಿಕ್ಕಿದೆ. ಸೆಮಿ ಟ್ರೈಲರ್ (ಮುಂಭಾಗ ಪ್ರೈಮ್ ಮೂವರ್ ಮೇಲೆ ಕೂರುವ ಟ್ರೈಲರ್) ಬಾಡಿಗೆಗೆ ಹಿಡಿಯುವಾಗ ಏನು ನೋಡಬೇಕು?

ಉತ್ತರ: ಬಣ್ಣ ನೋಡಿ ಒಪ್ಪಬೇಡಿ, ಕೆಳಗೆ ನುಸುಳಿ ನೋಡಿ. ಉಪ್ಪುಗಾಳಿಯಲ್ಲಿ ದುಡಿದ ಟ್ರೈಲರ್ ಮೇಲೆ ಚೆನ್ನಾಗಿ ಕಂಡರೂ ಅಡಿಯಲ್ಲಿ ತುಕ್ಕು ತಿಂದಿರಬಹುದು. ಉದ್ದದ ತೊಲೆಗೆ ಅಡ್ಡಪಟ್ಟಿ ಸೇರುವ ವೆಲ್ಡಿಂಗ್, ಸ್ಪ್ರಿಂಗ್ ಪಟ್ಟಿಗಳನ್ನು ತೊಲೆಗೆ ಹಿಡಿದಿಡುವ ಹ್ಯಾಂಗರ್‌ಗಳ ಬುಡ, ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ. ತುಕ್ಕು ಪದರವಾಗಿ ಎದ್ದಿದ್ದರೆ ಸದ್ದು ಮಂಕು. ವೆಲ್ಡಿಂಗ್ ಉದ್ದಕ್ಕೂ ಹೊಸ ಬಣ್ಣದ ಮೇಲೆ ಕಂದು ಗೆರೆ ಇಳಿದಿದ್ದರೆ ಅಲ್ಲಿ ಬಿರುಕಿದೆಯೆಂದೇ ಅನುಮಾನಿಸಿ.

ಟ್ರೈಲರನ್ನು ಪ್ರೈಮ್ ಮೂವರ್‌ಗೆ ಜೋಡಿಸುವ ಗೂಟವೇ ಕಿಂಗ್ ಪಿನ್. ಅದರ ಗ್ರೀಸ್ ಒರೆಸಿ ವರ್ನಿಯರ್‌ನಿಂದ ಅಳೆಯಿರಿ. 2 ಇಂಚಿನ ಪಿನ್ ಹೊಸದಿದ್ದಾಗ 50.8 ಮಿ.ಮೀ. ಇರುತ್ತದೆ. ಸವೆದು 49 ಮಿ.ಮೀ.ಗೆ ಇಳಿದಿದ್ದರೆ ಆ ಟ್ರೈಲರ್ ಬೇಡ. ಒಂದೇ ಕಡೆ ಅಳೆದು ಬಿಡಬೇಡಿ, ಸವೆತ ಸುತ್ತಲೂ ಸಮನಾಗಿರುವುದಿಲ್ಲ.

ಬ್ರೇಕ್ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಗಾಳಿ ಪೂರ್ತಿ ತುಂಬಿಸಿ, ಪ್ರೈಮ್ ಮೂವರ್ ಅಲುಗದಂತೆ ಮಾಡಿ, ಕೆಂಪು ಏರ್ ಪೈಪ್ ಕಳಚಿ. ಟ್ರೈಲರ್ ಬ್ರೇಕ್ ತಾನಾಗಿಯೇ ಹಿಡಿಯಬೇಕು. ಹಿಡಿಯದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಉಪ್ಪುಗಾಳಿ ಬ್ರೇಕ್ ಶೂ ಮತ್ತು ಅದರ ಮೇಲಿನ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ನಡುವೆ ತುಕ್ಕು ಬೆಳೆಸುತ್ತದೆ. ತುಕ್ಕು ಊದಿಕೊಂಡು ಲೈನರನ್ನು ಎತ್ತಿ ಸೀಳುತ್ತದೆ. ಕೆಲವು ದಿನ ನಿಂತ ಗಾಡಿಯಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದೂ ಉಂಟು. ಚಾಲಕ ಗೊತ್ತಿಲ್ಲದೆ ಎಳೆದರೆ ಚಕ್ರ ಉರುಳದೆ ಉಜ್ಜುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗಿ ಹಾಳಾಗುತ್ತದೆ. ಹಾಗಾಗಿ ಹೊರಡುವಾಗ ಒಬ್ಬರು ಪಕ್ಕದಲ್ಲಿ ನಡೆಯುತ್ತ ಎಲ್ಲ ಚಕ್ರವೂ ತಿರುಗುತ್ತಿದೆಯೇ ನೋಡಲಿ. ಏರ್ ಟ್ಯಾಂಕಿನ ನೀರನ್ನು ದಿನಾ ಬಿಡಿ.

ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗಿ ಉರಿದರೆ ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಅರ್ತ್ ವೈರ್ ತುಕ್ಕು ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಸಾಕೆಟ್ಟಿನಲ್ಲಿ ಹಸಿರು ಪುಡಿ ಇದ್ದರೆ ಅದನ್ನೂ ಉಜ್ಜಿ ತೆಗೆಯಿರಿ. ಟೈರಿನ ವಯಸ್ಸು ಅದರ ಪಕ್ಕದಲ್ಲೇ ಇರುತ್ತದೆ: 2321 ಎಂದರೆ 2021ರ 23ನೇ ವಾರ.

ಪ್ರಶ್ನೆ: ನೆಲೆಯ ಗೇಟಿನಲ್ಲಿ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ನಿಲ್ಲಬೇಕಾಗುತ್ತದೆ. ಆ ಬಾಡಿಗೆ ಯಾರ ತಲೆಗೆ?

ಉತ್ತರ: ಕರಾರಿನಲ್ಲಿ ಬರೆಯದಿದ್ದರೆ ನಿಮ್ಮ ತಲೆಗೇ. ಟ್ರೈಲರ್ ಮಾಲೀಕನಿಗೆ ಗೇಟಿನ ತಾಪತ್ರಯ ಸಂಬಂಧವಿಲ್ಲ, ಅವನ ದಿನಬಾಡಿಗೆ ಓಡುತ್ತಲೇ ಇರುತ್ತದೆ. ಆದ್ದರಿಂದ ಸರಕು ಕೊಟ್ಟವರ ಜೊತೆಗಿನ ಒಪ್ಪಂದದಲ್ಲೇ ಬಿಟ್ಟಿ ಕಾಯುವ ಗಂಟೆ ಎಷ್ಟು, ಆಮೇಲಿನ ದರ ಎಷ್ಟು ಎಂದು ಬರೆಸಿ. ಗೇಟಿಗೆ ಬಂದ ಸಮಯ ಯಾವ ಕಾಗದದಲ್ಲಿ ದಾಖಲಾಗಬೇಕೆಂಬುದೂ ಇರಲಿ. ಸಹಿಯಿಲ್ಲದ ಗಂಟೆಗೆ ಹಣ ಹುಟ್ಟುವುದಿಲ್ಲ.

ಇನ್ನೂ ಕೆಲವು ಇವೆ, ಜನ ಮರೆಯುವಂಥವು. ಗೇಟ್ ಪಾಸಿನಲ್ಲಿ ಟ್ರೈಲರಿನ ನೋಂದಣಿ ಸಂಖ್ಯೆಯೂ ಇದ್ದರೆ, ಮಾಲೀಕ ಕೊನೆಗಳಿಗೆಯಲ್ಲಿ ಬೇರೆ ಟ್ರೈಲರ್ ಕಳಿಸಿದಾಗ ಗಾಡಿ ಹೊರಗೇ ಉಳಿಯುತ್ತದೆ. ಬದಲಿ ಟ್ರೈಲರಿನ ದಾಖಲೆ ಮುಂಚಿತವಾಗಿ ಬರಬೇಕೆಂದು ಕರಾರಿನಲ್ಲಿ ಸೇರಿಸಿ. ಮಾಲೀಕ ಕೂರಿಸಿದ ಜಿಪಿಎಸ್ ಇದ್ದರೆ ನೆಲೆಯವರಿಗೆ ಮೊದಲೇ ತಿಳಿಸಿ ಅನುಮತಿ ಕೇಳಿ. ಗೇಟಿನಲ್ಲಿ ಅದು ಸಿಕ್ಕಿಬೀಳುವುದು ಒಳ್ಳೆಯದಲ್ಲ. ಒಳಗೆ ಫೋಟೋ ತೆಗೆಯುವಂತಿಲ್ಲವಾದ್ದರಿಂದ ಟ್ರೈಲರಿನ ಸ್ಥಿತಿಯ ಚಿತ್ರಗಳನ್ನು ಒಳಹೋಗುವ ಮೊದಲು, ಹೊರಬಂದ ಮೇಲೆ, ಆವರಣದಿಂದ ದೂರದಲ್ಲಿ ತೆಗೆದಿಡಿ. ಒಳಗೆ ಕೆಟ್ಟರೆ ಹೊರಗಿನ ಮೆಕ್ಯಾನಿಕ್ ತಕ್ಷಣ ಬರಲಾರ. ಏರ್ ಪೈಪ್, ಕಪ್ಲಿಂಗ್ ರಬ್ಬರ್, ಬಲ್ಬ್, ಫ್ಯೂಸ್ ಗಾಡಿಯಲ್ಲೇ ಇರಲಿ. ಮದ್ದುಗುಂಡಿನಂಥ ಅಪಾಯಕಾರಿ ಸರಕನ್ನು ಟ್ರೈಲರಿನ ವಿಮೆ ಒಪ್ಪುತ್ತದೆಯೇ ಎಂದು ಲಿಖಿತ ಉತ್ತರ ಪಡೆಯದೆ ಮುಟ್ಟಬೇಡಿ.

ಪ್ರಶ್ನೆ: ಚೈನ್ ಚಕ್ರದ ಯಂತ್ರವನ್ನು ಫ್ಲಾಟ್‌ಬೆಡ್ ಮೇಲೆ ಒಯ್ಯಬಹುದೇ?

ಉತ್ತರ: ಲೋ ಬೆಡ್ (ತಗ್ಗಿನ ಹಾಸಿನ ಟ್ರೈಲರ್) ಒಳ್ಳೆಯದು, ಎತ್ತರ ಕಡಿಮೆಯಾಗುತ್ತದೆ. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ಆದ್ದರಿಂದ ಹಲಗೆ ಅಥವಾ ರಬ್ಬರ್ ಹಾಸು ಬೇಕೇ ಬೇಕು. ಯಂತ್ರವನ್ನು ಬಿಗಿದ ಸರಪಳಿಯ ಕಟ್ಟು ಮುಂದಕ್ಕೆ ಯಂತ್ರದ ತೂಕದ 80%, ಪಕ್ಕಕ್ಕೆ ಮತ್ತು ಹಿಂದಕ್ಕೆ 50% ಬಲ ತಡೆಯುವಂತಿರಬೇಕು. ಅಂದರೆ 20 ಟನ್ ಯಂತ್ರಕ್ಕೆ ಮುಂದಕ್ಕೆ 16, ಪಕ್ಕಕ್ಕೆ 10 ಟನ್. ಸರಪಳಿಯಷ್ಟೇ ಗಟ್ಟಿಯಿದ್ದರೆ ಸಾಲದು, ಅದನ್ನು ಸಿಕ್ಕಿಸುವ ಟ್ರೈಲರಿನ ಕೊಂಡಿಯೂ ತುಕ್ಕು ತಿಂದಿರಬಾರದು.

ಪ್ರಶ್ನೆ: ಹಡಗಿಗೆ ಏರಿಸುವ ರ‍್ಯಾಂಪಿನಲ್ಲಿ ಚಕ್ರ ಉಪ್ಪುನೀರಿಗೆ ಇಳಿದರೆ?

ಉತ್ತರ: ಬಿಸಿ ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ಥಟ್ಟನೆ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಡಿಲವಿದ್ದಲ್ಲಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಮುಖ್ಯವಾಗಿ ಅಡಿಭಾಗವನ್ನು. ಹಬ್ ಕ್ಯಾಪ್ ತೆಗೆದು ನೋಡಿ, ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗ್ ಬಿಚ್ಚಿ ತೊಳೆದು, ಪರೀಕ್ಷಿಸಿ, ಹೊಸ ಗ್ರೀಸ್ ಹಾಗೂ ಹೊಸ ಸೀಲ್ ಹಾಕಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿ.