ಹೆಂಡತಿಯ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಕೇಳಿದ್ದೆಯಲ್ಲ, ತಮ್ಮಾ

ರಾಣೆಬೆನ್ನೂರಿನ ತಮ್ಮಾ, ನಿನ್ನ ಪ್ರಶ್ನೆ ನೋಡಿದೆ. ಹೆಂಡತಿ ವೀಸಾಕ್ಕೆ ಬೇಕಾದ ಮೊದಲ ಹಂತದ ಇಂಗ್ಲಿಷ್ ಪರೀಕ್ಷೆ ಎ1 ಪಾಸಾಗಿದ್ದಾಳೆ, ಮುಂದಿನ ತಿಂಗಳು ಇಂಗ್ಲೆಂಡಿನ ಡರ್ಬಿಗೆ ಬರುತ್ತಾಳೆ, ಬಿ.ಎ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಆರ್‌ಗೆ, ಅಂದರೆ ಇಲ್ಲೇ ಖಾಯಂ ಉಳಿಯುವ ಅನುಮತಿಗೆ, ಇನ್ನೂ ಯಾವ ಪರೀಕ್ಷೆ ಇದೆ, ನಾನೇ ಮನೆಯಲ್ಲಿ ತಯಾರು ಮಾಡಿಸಲಾ ಅಂತ ಕೇಳಿದ್ದೀಯ. ನಾನೂ ಹಾವೇರಿ ಕಡೆಯವನೇ. ಏಕವಚನದಲ್ಲಿ ಬರೆದರೆ ಬೇಜಾರಿಲ್ಲ ಅಲ್ವಾ?

ಮೊದಲು ಲೆಕ್ಕ ಮುಗಿಸುತ್ತೇನೆ. ಎರಡೂವರೆ ವರ್ಷಕ್ಕೆ ವೀಸಾ ಮುಂದುವರಿಸುವಾಗ ಅದರ ಮೇಲಿನ ಹಂತ, ಎ2. ಐದು ವರ್ಷಕ್ಕೆ ಐಎಲ್‌ಆರ್ ಕೇಳುವಾಗ ಅದಕ್ಕೂ ಮೇಲಿನ ಬಿ1; ಅವಳ ಸರದಿ ಬರುವ ಹೊತ್ತಿಗೆ ಇದು ಏರಲೂಬಹುದು. ನೀನು ಪಿಆರ್ ಅನ್ನುವುದು ಈ ಐಎಲ್‌ಆರ್ ಅನ್ನೇ. ಎರಡರಲ್ಲೂ ಮಾತಾಡುವುದು, ಕೇಳಿಸಿಕೊಳ್ಳುವುದು ಅಷ್ಟೇ, ಬರವಣಿಗೆ ಇಲ್ಲ. ಫಲಿತಾಂಶ 2 ವರ್ಷ ನಡೆಯುತ್ತದೆ, ಆದ್ದರಿಂದ ತೀರಾ ಮುಂಚೆ ಬರೆಸಬೇಡ. ಐಎಲ್‌ಆರ್‌ಗೆ ಜೊತೆಗೆ ಲೈಫ್ ಇನ್ ದ ಯುಕೆ ಅಂತ ಈ ದೇಶದ ಇತಿಹಾಸ, ಜೀವನದ ಬಗ್ಗೆ ಒಂದು ಪರೀಕ್ಷೆ: 45 ನಿಮಿಷ, 24 ಪ್ರಶ್ನೆ, 18 ಸರಿಯಾಗಬೇಕು, 50 ಪೌಂಡ್. ಅದಕ್ಕೆ ಪುಸ್ತಕ ಇದೆ. ವಿಜಯನಗರದ ನಾಲ್ಕು ವಂಶ ಬಾಯಿಪಾಠ ಮಾಡಿದವರಿಗೆ ಎಂಟನೇ ಹೆನ್ರಿಯ ಆರು ಹೆಂಡತಿಯರು ಕಷ್ಟವೇನಲ್ಲ. ನಿಯಮ ಆಗಾಗ ಬದಲಾಗುತ್ತದೆ. ಹೊಸದಾಗಿ ಕೆಲಸದ ವೀಸಾ ಕೇಳುವವರಿಗೆ 2026ರ ಜನವರಿಯಿಂದ ಬಿ1 ಬದಲು ಅದಕ್ಕಿಂತ ಮೇಲಿನ ಬಿ2 ಮಾಡಿದ್ದಾರೆ. ಅರ್ಜಿ ಹಾಕುವ ಹೊತ್ತಿಗೆ ಸರ್ಕಾರದ ವೆಬ್‌ಸೈಟ್ ನೋಡು, ವಾಟ್ಸಾಪ್ ಗುಂಪು ನಂಬಬೇಡ.

ಇನ್ನು ನೀನೇ ತಯಾರು ಮಾಡಿಸುವ ವಿಷಯ. ಬೇಡ.

ನಾನು 2007ರಲ್ಲಿ ಇಲ್ಲಿಗೆ ಬಂದೆ. ಇಂಜಿನಿಯರಿಂಗ್ ಓದಿದ ಇಂಗ್ಲಿಷ್ ಇತ್ತು, ಜಂಬವೂ ಇತ್ತು. ಎರಡನೇ ದಿನ ಬಸ್ ಡ್ರೈವರ್ ‘ಅಯ್ ಅಪ್ ಮಿ ಡಕ್’ ಅಂದ. ಬಾತುಕೋಳಿ ಅಂತ ಬೈದನೇನೋ ಎಂದು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಡರ್ಬಿಯಲ್ಲಿ ಅದು ಪ್ರೀತಿಯ ಮಾತು ಅಂತ ಆಮೇಲೆ ಗೊತ್ತಾಯಿತು. ಈ ಅವಮಾನ ನನ್ನ ಹೆಂಡತಿಗೆ ಆಗಬಾರದು ಅಂತ, 2013ರಲ್ಲಿ ಅವಳು ಬಂದ ದಿನದಿಂದ ಎಲ್ಲ ಮಾತು ನಾನೇ ಆಡಿದೆ. ಬ್ಯಾಂಕು, ಗ್ಯಾಸಿನವರು, ಮಗಳ ನರ್ಸರಿ. ಬೆಳಗ್ಗೆ ಎಂಟಕ್ಕೆ ಜಿಪಿಗೆ, ಅಂದರೆ ಇಲ್ಲಿನ ಕುಟುಂಬ ವೈದ್ಯರಿಗೆ, ಫೋನ್ ಹಚ್ಚಿ ಕಾಯುವುದೂ ನಾನೇ. ರೋಗಿಯ ಒಪ್ಪಿಗೆ ಇಲ್ಲದೆ ಅವರು ಬೇರೆಯವರ ಜೊತೆ ಮಾತಾಡುವುದಿಲ್ಲ. ಆಗ ಫೋನ್ ಅವಳ ಬಾಯಿಯ ಹತ್ತಿರ ಹಿಡಿಯುತ್ತಿದ್ದೆ. ‘ಯೆಸ್, ಯು ಕ್ಯಾನ್ ಸ್ಪೀಕ್ ಟು ಮೈ ಹಸ್ಬೆಂಡ್’ ಅನ್ನುತ್ತಿದ್ದಳು. ನಾಲ್ಕು ವರ್ಷ ಅವಳಿಗೆ ತಡವರಿಸದೆ ಬರುತ್ತಿದ್ದ ಇಂಗ್ಲಿಷ್ ಅದೊಂದೇ ವಾಕ್ಯ.

ಬಿ1ಗೆ ಅವಳು ತೆಗೆದುಕೊಂಡ ಪರೀಕ್ಷೆ ಹತ್ತು ನಿಮಿಷದ ಮಾತುಕತೆ. ಅರ್ಧ ಹೊತ್ತು ನಾವೇ ಆರಿಸಿಕೊಂಡ ವಿಷಯದ ಮೇಲೆ. ನಾನು ವಿಂಬಲ್ಡನ್ ಬಗ್ಗೆ ಚೆಂದದ ಭಾಷಣ ಬರೆದು ಉರು ಹೊಡೆಸಿದೆ. ಅವಳು ಟೆನ್ನಿಸ್ ನೋಡಿದವಳೇ ಅಲ್ಲ. ಮೂರನೇ ವಾಕ್ಯಕ್ಕೆ ಪರೀಕ್ಷಕಿ ತಡೆದು, ನಿಮಗೆ ಯಾರ ಆಟ ಇಷ್ಟ ಅಂತ ಕೇಳಿದರಂತೆ. ಇವಳು ಬಾಗಿಲ ಕಡೆ ನೋಡಿದಳಂತೆ. ನಾನು ಕೆಳಗೆ ಕಾಫಿ ಕುಡಿಯುತ್ತಿದ್ದೆ.

ಬರ್ಮಿಂಗ್‌ಹ್ಯಾಮ್‌ನಿಂದ ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಮಾತು ಹೇಳಿದಳು. ‘ಊರಲ್ಲಿ ಅಂಗಡಿ ಲೆಕ್ಕ ನಾನೇ ನೋಡತಿದ್ದೆ. ಇಲ್ಲಿ ನನ್ನ ಮೂಕಿ ಮಾಡಿಬಿಟ್ರಿ.’ ಅವಳ ಅಪ್ಪನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪರೀಕ್ಷೆ ಮತ್ತೆ ಬರೆಯಬಹುದು. ನಾಲ್ಕು ವರ್ಷ?

ಮುಂದಿನ ವಾರವೇ ಅವಳು ಒಂದು ಚಾರಿಟಿ ಅಂಗಡಿಗೆ, ಅಂದರೆ ದಾನ ಬಂದ ಹಳೆ ಸಾಮಾನು ಮಾರುವ ಅಂಗಡಿಗೆ, ಸಂಬಳವಿಲ್ಲದ ಕೆಲಸಕ್ಕೆ ಸೇರಿದಳು. ನನ್ನನ್ನು ಕೇಳಲಿಲ್ಲ. ಹಳೆ ಬಟ್ಟೆ ಇಸ್ತ್ರಿ ಮಾಡುತ್ತಾ, ಗಲ್ಲಾಪೆಟ್ಟಿಗೆ ಮುಂದೆ ಕೂತು, ಮಳೆಯ ಬಗ್ಗೆ ಗೊಣಗುವ ಅಜ್ಜಿಯರ ಜೊತೆ ತಾನೂ ಗೊಣಗುತ್ತಾ ಕಲಿತಳು. ಎರಡನೇ ಸಲ ವಿಷಯ ಅವಳದೇ: ಬ್ಯಾಡಗಿ ಮೆಣಸಿನಕಾಯಿ. ಅಷ್ಟು ಕೆಂಪಗಿದ್ದರೂ ಖಾರ ಯಾಕೆ ಕಡಿಮೆ, ಮಾರ್ಕೆಟ್ಟಿಗೆ ಹೋದರೆ ಸೀನು ಹೇಗೆ ಬರುತ್ತದೆ, ಎಲ್ಲ ಹೇಳಿದಳಂತೆ. ಕ್ರಿಯಾಪದ ಎಲ್ಲೆಲ್ಲಿ ಹಾರಿತೋ ಗೊತ್ತಿಲ್ಲ. ಪಾಸಾದಳು. ಈಗ ಅವಳೇ ‘ಡಕ್’ ಅನ್ನುತ್ತಾಳೆ, ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಹಾಗಾಗಿ ನಿನ್ನ ಹೆಂಡತಿ ಬಂದ ವಾರವೇ ಅವಳ ಹೆಸರಲ್ಲಿ ಸಿಮ್ ಕೊಡಿಸು. ಜಿಪಿಗೆ ಅವಳೇ ಫೋನ್ ಮಾಡಲಿ. ತಪ್ಪು ಹೇಳಿದರೆ ಪಕ್ಕದಿಂದ ಪಿಸುಗುಡಬೇಡ, ಆಗದಿದ್ದರೆ ಅಡುಗೆ ಮನೆಗೆ ಹೋಗು. ಲೈಬ್ರರಿಯಲ್ಲಿ ಇಂಗ್ಲಿಷ್ ಕ್ಲಾಸ್ ಇದೆಯಾ ಅಂತ ವಿಚಾರಿಸುವುದೂ ಅವಳ ಕೆಲಸವೇ ಆಗಲಿ. ಇಸವಿ, ಫಾರಂ, ಫೀಸು ಬೇಕಾದರೆ ನೀನು ನೋಡಿಕೋ.

ಆಮೇಲೆ, ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ ತರಲು ಹೇಳು. ಇಲ್ಲಿನ ಅಂಗಡಿಯದಕ್ಕೆ ಆ ಬಣ್ಣ ಇಲ್ಲ ಅಂತ ನಮ್ಮನೆಯವಳ ತಕರಾರು. ಇಸಿದುಕೊಳ್ಳಲು ನಾನು ಬರುವುದಿಲ್ಲ, ಅವಳೇ ನಿನ್ನ ಹೆಂಡತಿಗೆ ಫೋನ್ ಮಾಡುತ್ತಾಳೆ.